ಇಪ್ಪತ್ತೆರಡನೇ ಪ್ರಶ್ನೆ

ದಿನಕ್ಕೆ ಮೂವತ್ತು ಜನರ ಪಾದ ಮುಟ್ಟುವುದು ನನ್ನ ಕೆಲಸ. ಭಕ್ತಿಯಿಂದಲ್ಲ, ಸಂಬಳಕ್ಕೆ. ಪೆನ್ನಿನಂಥ ಒಂದು ಕಡ್ಡಿ, ಅದರ ತುದಿಯಲ್ಲಿ ಗಟ್ಟಿ ನೈಲಾನ್ ಎಳೆ. ಅದರಿಂದ ಪಾದದ ಹತ್ತು ಕಡೆ ಒತ್ತಬೇಕು. ರೋಗಿ ಕಣ್ಣು ಮುಚ್ಚಿಕೊಂಡಿದ್ದು, ಒತ್ತಿದ್ದು ಗೊತ್ತಾದಾಗ ‘ಹೂಂ’ ಅನ್ನಬೇಕು. ಹತ್ತಕ್ಕೆ ಹತ್ತೂ ಹೂಂ ಅಂದರೆ ನರ ನೆಟ್ಟಗಿದೆ ಎಂದು ಲೆಕ್ಕ. ಕೆಲವರು ಒತ್ತದಿದ್ದರೂ ಹೂಂ ಹೂಂ ಅನ್ನುತ್ತಲೇ ಇರುತ್ತಾರೆ. ಪರೀಕ್ಷೆ ಅಂದಮೇಲೆ ಪಾಸಾಗಬೇಕು ಅನ್ನುವ ಆಸೆ ಯಾರಿಗಿಲ್ಲ?

ನಾನು ಶಾಮಲಾ. ಹುಟ್ಟಿದ್ದು ತೂಬಗೆರೆಯಲ್ಲಿ, ಇರುವುದು ದೊಡ್ಡಬಳ್ಳಾಪುರದಲ್ಲಿ, ಇಪ್ಪತ್ತಾರು ವರ್ಷದಿಂದ ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಮಂಡಿ ಸವೆದಿದೆ, ಇನ್ನು ವಾರ್ಡಿನಲ್ಲಿ ಓಡಾಡಲಾರೆ ಎಂದು ಅರ್ಜಿ ಕೊಟ್ಟಿದ್ದಕ್ಕೆ ಹೋದ ಜನವರಿಯಲ್ಲಿ ಡಾಕ್ಟರ್ ಶ್ರೀಧರ್ ಅವರ ಸಂಶೋಧನೆಗೆ ಹಾಕಿದರು. ಕೂತು ಮಾಡುವ ಕೆಲಸ ಅಂದಿದ್ದರು. ಮೂವತ್ತು ಸಲ ಬಗ್ಗಿ ಏಳುವುದನ್ನು ಕೂತು ಮಾಡುವ ಕೆಲಸ ಅನ್ನುವವರಿಗೆ ಏನು ಹೇಳೋಣ.

ಶ್ರೀಧರ್‌ಗೆ ಮೂವತ್ತೆರಡು ವರ್ಷ. ಮೆತ್ತನೆ ಮನುಷ್ಯ, ಗದರುವುದಕ್ಕೂ ‘ದಯವಿಟ್ಟು’ ಸೇರಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವವರು ಹೆಚ್ಚೇನು ಎಂಬುದು ಅವರು ಹಿಡಿದ ವಿಷಯ. ರಾತ್ರಿಯೆಲ್ಲ ಅಂಗಾಲು ಉರಿಯುತ್ತದೆ, ಹಗಲು ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ, ಹೀಗೆ ವರ್ಷಗಟ್ಟಲೆ ಬದುಕಿದರೆ ಮನಸ್ಸಿಗೆ ಏನಾಗಬಹುದು ಎಂದು ಅವರು ಕೇಳುತ್ತಿದ್ದರು. ಒಳ್ಳೆಯ ಪ್ರಶ್ನೆಯೇ. ಅದನ್ನು ಜನರ ಮುಂದೆ ಇಡಬೇಕಾದವಳು ಮಾತ್ರ ನಾನು.

ಪರೀಕ್ಷೆಯಲ್ಲಿ ನರ ಕೆಟ್ಟಿದೆ ಎಂದು ಕಂಡ ಒಬ್ಬೊಬ್ಬರಿಗೂ, ದಿನಕ್ಕೆ ಒಬ್ಬರೋ ಇಬ್ಬರೋ, ಒಂದು ಫಾರಂ, ಮೂವತ್ತೊಂದು ಪ್ರಶ್ನೆ. ಕಾಲಿನ ಉರಿ, ನಿದ್ದೆ, ಊಟ, ಇನ್ಸುಲಿನ್ ಎಲ್ಲ ಆದಮೇಲೆ ಇಪ್ಪತ್ತೆರಡನೆಯದು: ಕಳೆದ ಕೆಲವು ವಾರಗಳಲ್ಲಿ ಬದುಕುವುದು ಬೇಡ ಎಂದು, ಅಥವಾ ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಎಂದು ಅನ್ನಿಸಿದೆಯೇ? ಹೌದು, ಇಲ್ಲ. ಹೌದು ಅಂದವರನ್ನು ಅಂದೇ ಮನೋವೈದ್ಯರ ಹತ್ತಿರ ಕಳಿಸಬೇಕು ಎಂದು ಫಾರಂ ಬೆನ್ನಿಗೆ ಅಚ್ಚು ಹಾಕಿಸಿದ್ದರು.

ಮೊದಮೊದಲು ಕೇಳಿದೆ. ಹೊಸಕೋಟೆ ಕಡೆಯ ಅಪ್ಪಯ್ಯಣ್ಣ ಎಂಬ ಯಜಮಾನರು ಟವೆಲು ಕೊಡವಿಕೊಂಡು ಎದ್ದೇ ಬಿಟ್ಟರು. “ಏನಮ್ಮಾ, ನಮ್ ಮನೇಲಿ ಏನ್ ಕಮ್ಮಿಯಾಗೈತೆ ಅಂತ ಕೇಳ್ತಿದೀಯಾ? ಮಕ್ಳು ಅನ್ನ ಹಾಕ್ತಿಲ್ಲ ಅಂತ ಬರ್ಕೊಳಾಕಾ?” ಅಂದರು. ಅವರ ಕೋಪವನ್ನು ನಾನು ತಡೆದುಕೊಂಡೆ, ಬೈಗುಳ ತಿನ್ನುವುದು ನರ್ಸಿನ ಉದ್ಯೋಗದಲ್ಲೇ ಸೇರಿದೆ. ತಡೆಯಲಾಗದ್ದು ಇನ್ನೊಂದು. ನೆಲಮಂಗಲ ಕಡೆಯ ಹೆಂಗಸೊಬ್ಬಳು ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನನ್ನ ಕೈ ಹಿಡಿದುಕೊಂಡು ಅಳಲು ಶುರುಮಾಡಿದಳು. ನಿಲ್ಲಿಸಲೇ ಇಲ್ಲ. ಹೊರಗೆ ಹದಿನಾಲ್ಕು ಟೋಕನ್, ಬಾಗಿಲಲ್ಲಿ ಇಣುಕುವವರು. ನಾನು ನೀರು ಕೊಟ್ಟು, ‘ಧೈರ್ಯ ತಗೋಬೇಕಮ್ಮ’ ಎಂದು ಬೆನ್ನು ತಟ್ಟಿ ಕಳಿಸಿಬಿಟ್ಟೆ. ಮನೋವೈದ್ಯರು ಆ ದಿನ ರಜೆ. ನಾಳೆ ಬಾ ಅಂದೆ. ಅವಳು ಬರಲಿಲ್ಲ.

ಅವಳೇನಾದಳೋ ಎಂದು ನಾನು ವಿಚಾರಿಸಲೂ ಇಲ್ಲ. ವಿಚಾರಿಸಿದರೆ ಏನು ಗೊತ್ತಾಗುತ್ತದೋ ಎಂಬ ಭಯ. ಅದಾದ ಮೇಲೆ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಇಪ್ಪತ್ತೊಂದು ಕೇಳುವುದು, ಇಪ್ಪತ್ತೆರಡಕ್ಕೆ ‘ಇಲ್ಲ’ ಎಂದು ನಾನೇ ಗೀಟು ಎಳೆಯುವುದು, ಇಪ್ಪತ್ತಮೂರಕ್ಕೆ ಹಾರುವುದು. ಒಂದು ವಾರಕ್ಕೆ ರೂಢಿಯಾಯಿತು. ತಪ್ಪು ಅನ್ನಿಸುವುದೂ ನಿಂತುಹೋಯಿತು, ಆಯಾಸ ಅಷ್ಟಿತ್ತು.

ಕದಿರಮ್ಮ ಬಂದಿದ್ದು ಮಾರ್ಚಿನಲ್ಲಿ. ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸ, ವಯಸ್ಸು ಐವತ್ತಮೂರು, ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ. ಎಡಗೈಯ ಹಿಂಭಾಗ ಮಣಿಕಟ್ಟಿನ ತನಕ ಕುದಿನೀರಿನಿಂದ ಬೆಂದಿತ್ತು. ವಾರ್ಡಿನವರು ಬ್ಯಾಂಡೇಜು ಸುತ್ತಿ ಮಲಗಿಸಿದ್ದರು. ಸಕ್ಕರೆ ಇದೆ ಎಂದು ಗೊತ್ತಾದ ಕೂಡಲೇ ನನಗೆ ಹೇಳಿ ಕಳಿಸಿದರು. ನಾನು ಎಳೆ ಹಿಡಿದುಕೊಂಡು ಹೋದೆ.

ಪಾದದ ಹತ್ತು ಕಡೆಯಲ್ಲಿ ಒಂದೇ ಒಂದು ಕಡೆ ಹೂಂ ಅಂದಳು, ಅದೂ ಅನುಮಾನದಿಂದ. ಎರಡೂ ಪಾದ ಹೋಗಿದ್ದವು.

“ಕೈ ಹೆಂಗೆ ಸುಟ್ಕೊಂಡೆ?” ಅಂದೆ.

“ಗೂಡು ಬೇಯ್ಸೋ ನೀರು ಚೆಲ್ಬಿಡ್ತು.”

“ಬಿಸಿ ಗೊತ್ತಾಗ್ಲಿಲ್ವಾ?”

ಅವಳು ನನ್ನ ಮುಖ ನೋಡಿದಳು. “ಗೊತ್ತಾಗ್ದೆ ಇರ್ಬೋದಾ ಸಿಸ್ಟ್ರಮ್ಮ?”

“ಕಾಲಿಗೆ ಆಗಿರೋದೇ ಕೈಗೂ ಆಗಿರುತ್ತೆ. ಸಕ್ಕರೆ ಮೊದಲು ಪಾದ ತಿನ್ನುತ್ತೆ, ಆಮೇಲೆ ಬೆರಳು. ನರ ಸತ್ತಮೇಲೆ ಬಿಸಿ ಏನು, ತಣ್ಣಗೆ ಏನು.”

“ಓ,” ಅಂದಳು. ಬ್ಯಾಂಡೇಜಿನ ಕೈ ನೋಡಿಕೊಂಡು, “ಹಂಗಾದ್ರೆ ಅದೇ ಇರ್ಬೇಕು. ಗೊತ್ತಾಗ್ಲಿಲ್ಲ ಅಂತ ಬರ್ಕೋ.”

ಬರೆದುಕೊಂಡೆ. ಫಾರಂನಲ್ಲಿ ಕೈಗೂ ಒಂದು ಸಾಲು ಇತ್ತು. ಎಡಗೈಗೆ ಬ್ಯಾಂಡೇಜು, ಬಲಗೈಗೆ ಡ್ರಿಪ್ಪಿನ ಸೂಜಿ. ಆಮೇಲೆ ಬಂದು ನೋಡೋಣ ಎಂದುಕೊಂಡೆ, ಆಮೇಲೆ ಎಂಬುದು ಬರಲಿಲ್ಲ. ‘ಎರಡೂ ಕೈ ಸ್ಪರ್ಶಜ್ಞಾನ ಇಲ್ಲ’ ಎಂದು ತುಂಬಿದೆ. ಇಪ್ಪತ್ತೆರಡಕ್ಕೆ ಮಾಮೂಲಿ ಗೀಟು. ಅವಳು ದಿಂಬಿನಿಂದ ತಲೆಯೆತ್ತಿ ಫಾರಂ ಕಡೆಯೇ ನೋಡುತ್ತಿದ್ದಳು. ಹಳ್ಳಿ ಹೆಂಗಸು, ನೋಡಿಕೊಳ್ಳಲಿ ಬಿಡು ಎಂದುಕೊಂಡೆ.

ಹನ್ನೊಂದು ದಿನ ಇದ್ದಳು. ಇಂಥ ರೋಗಿಯನ್ನು ವಾರ್ಡಿನವರು ಕಂಡಿರಲಿಲ್ಲ. ಏನನ್ನೂ ಕೇಳುತ್ತಿರಲಿಲ್ಲ, ಯಾವುದಕ್ಕೂ ಗೊಣಗುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದಳು. ಬೆಳಗ್ಗೆ ತಿಂಡಿ ತಿಂದು ಮಲಗಿದರೆ ಮಧ್ಯಾಹ್ನ, ಮಧ್ಯಾಹ್ನ ಮಲಗಿದರೆ ಸಂಜೆ. ಅಕ್ಕಪಕ್ಕದ ಮಂಚದವರು ನರಳಿದರೂ ಏಳುತ್ತಿರಲಿಲ್ಲ. ಮಗ ಬೀರೇಶ್ ಎರಡು ಸಲ ಬಂದ. ಏರ್‌ಪೋರ್ಟಿನಲ್ಲಿ ಸರಕು ಇಳಿಸುವ ಕೆಲಸ, ಕಣ್ಣು ಕೆಂಪಗಿತ್ತು, ಕುರ್ಚಿಯಲ್ಲಿ ಅವನೂ ತೂಕಡಿಸಿದ. ಗಂಡ ಚಿನ್ನಸ್ವಾಮಿಗೆ ಲಕ್ವ ಹೊಡೆದು ಆರು ವರ್ಷವಾಗಿತ್ತಂತೆ. ಎತ್ತುವುದು, ಒರೆಸುವುದು, ಉಣ್ಣಿಸುವುದು ಎಲ್ಲ ಕದಿರಮ್ಮನೇ. ಈಗ ಅವಳಿಲ್ಲದಾಗ ಅತ್ತೆ, ಅಪ್ಪನ ಅಕ್ಕ, ಬಂದು ನೋಡಿಕೊಳ್ಳುತ್ತಿದ್ದಾರೆ ಎಂದು ಮಗ ಹೇಳಿದ. ಮನೆಗೆ ಹೋಗಬಹುದು ಎಂದ ದಿನ ಕದಿರಮ್ಮ ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ಸೀರೆ ನೆರಿಗೆ ಸರಿಮಾಡಿಕೊಂಡಳು.

ಜೂನಿನಲ್ಲಿ ಮತ್ತೆ ಬಂದಳು. ಅದೇ ಎಡಗೈ, ಅದೇ ಜಾಗ, ಸ್ವಲ್ಪ ಮೇಲೆ. ನಾನು ಬೈದೆ. “ನಿಂಗೆ ಎಷ್ಟು ಸಲ ಹೇಳ್ಬೇಕು? ಕೈಗೆ ಜ್ಞಾನ ಇಲ್ಲ ಅಂತ ಗೊತ್ತಿದ್ಮೇಲೆ ಬಿಸಿನೀರಿನ ಹತ್ರ ಯಾಕೆ ಹೋಗ್ತೀಯಾ?”

“ಮರ್ತೋಗ್ತದೆ ಕಣಮ್ಮ,” ಅಂದಳು. ಒಂಬತ್ತು ದಿನ ಮಲಗಿ ಹೋದಳು.

ಆಗಸ್ಟಿನಲ್ಲಿ ಮೂರನೇ ಸಲ. ಈ ಸಲ ಗಾಯ ಆಳವಾಗಿತ್ತು, ಚರ್ಮ ಕಸಿ ಮಾಡಬೇಕಾಯಿತು. ಹದಿನೇಳು ದಿನ. ಎರಡು ಸಲವೂ ಫಾರಂಗೆ ಮಾರ್ಚಿನ ಉತ್ತರಗಳನ್ನೇ ಇಳಿಸಿದೆ.

ಶ್ರೀಧರ್‌ಗೆ ಕದಿರಮ್ಮ ಬಹಳ ಮುಖ್ಯವಾಗಿಬಿಟ್ಟಳು. ಕೈಗೂ ಹಬ್ಬಿದ ನರದೋಷ, ಮೂರು ಸಲ ಸುಟ್ಟ ಗಾಯ, ಆದರೂ ಮನಸ್ಸು ಗಟ್ಟಿ. ಮೈಸೂರಿನಲ್ಲಿ ನಡೆಯುವ ವೈದ್ಯರ ಸಭೆಯಲ್ಲಿ ಅವಳ ಬಗ್ಗೆ ಹೇಳುವುದಾಗಿ ಕಂಪ್ಯೂಟರ್ ಮುಂದೆ ಕೂತು ಉಬ್ಬಿದರು. ಇನ್ನೂರ ಹದಿನೆಂಟು ಫಾರಂ ಒಟ್ಟು ಹಾಕಿ ನೋಡಿದ್ದರು.

“ನೋಡಿ ಸಿಸ್ಟರ್, ನಾನು ಅಂದ್ಕೊಂಡಿದ್ದೇ ತಪ್ಪಾಯ್ತು. ನರ ಕೆಟ್ಟು ಇಷ್ಟು ಕಷ್ಟಪಡ್ತಿದ್ರೂ ಬದುಕು ಬೇಡ ಅಂದವರು ಬರೀ ನಾಲ್ಕು ಜನ. ಅದೂ ಮೊದಲ ಮೂವತ್ತರಲ್ಲೇ. ಆಮೇಲೆ ಒಬ್ರೂ ಇಲ್ಲ. ನಮ್ಮ ಕಡೆ ಜನ ಎಷ್ಟು ಗಟ್ಟಿ ಅಲ್ವಾ?”

“ಹೂಂ ಸಾರ್,” ಅಂದೆ. ಒತ್ತದಿದ್ದರೂ ಹೂಂ ಅನ್ನುವವರ ಸಾಲಿಗೆ ನಾನೂ ಸೇರಿದೆ.

“ಕದಿರಮ್ಮನ ಕೈ ನೀವೇ ಪರೀಕ್ಷೆ ಮಾಡಿದ್ರಲ್ವಾ?”

“ಮಾಡಿದೀನಿ ಸಾರ್.”

“ಹಾಗಾದ್ರೆ ದಯವಿಟ್ಟು ಒಂದ್ಸಲ ವಿಜಯಪುರಕ್ಕೆ ಹೋಗಿ ಬನ್ನಿ. ಕೆಲಸದ ಜಾಗ ಹೇಗಿದೆ, ನೀರು ಎಲ್ಲಿ ಕಾಯುತ್ತೆ, ಕೈ ಎಲ್ಲಿ ತಗಲುತ್ತೆ, ಎರಡು ಫೋಟೋ ಬೇಕು. ಮಾಲೀಕರ ಹತ್ರ ಮಾತಾಡಿ ತಡೆಗೋಡೆನೋ ಏನೋ ಹಾಕಿಸೋಕಾಗುತ್ತಾ ನೋಡೋಣ.”

ಅಕ್ಟೋಬರ್‌ನ ಒಂದು ಶುಕ್ರವಾರ ಹೊರಟೆ. ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ವಿಜಯಪುರದಲ್ಲಿ ಇಳಿದಾಗ ಹತ್ತೂವರೆ. ಶೆಡ್ಡು ಹುಡುಕಲು ಯಾರನ್ನೂ ಕೇಳಬೇಕಾಗಲಿಲ್ಲ. ಬೆಂದ ಹುಳದ ವಾಸನೆ ಹಿಡಿದು ಹೋದರೆ ಬೀದಿಗೆ ನಾಲ್ಕು ಶೆಡ್ಡು. ಮೂರನೆಯದು ನನಗೆ ಬೇಕಾಗಿದ್ದು. ಮಾಲೀಕ ಆದಿನಾರಾಯಣಪ್ಪ ಬಾಗಿಲಲ್ಲೇ ಕೂತು ಗೂಡು ಆರಿಸುತ್ತಿದ್ದರು. ಎಪ್ಪತ್ತರ ಮುದುಕ, ಬನಿಯನ್ನು, ಕನ್ನಡಕ. ಆಸ್ಪತ್ರೆಯಿಂದ ಬಂದಿದ್ದೇನೆ ಅಂದ ಕೂಡಲೇ ಹೆದರಿದರು.

“ನಮ್ ಶೆಡ್ಡಲ್ಲಿ ಮೂವತ್ತು ವರ್ಷದಿಂದ ಯಾರ್ಗೂ ಹಿಂಗಾಗಿಲ್ಲ ತಾಯಿ. ಅವ್ಳಿಗೇ ಯಾಕೆ ಹಿಂಗಾಗ್ತಿದ್ಯೋ ನಂಗೊತ್ತಿಲ್ಲ. ಬೇರೆ ಕೆಲ್ಸ ಕೊಡ್ತೀನಿ ಅಂದೆ, ಗೂಡು ಆರ್ಸು ಸಾಕು ಅಂದೆ. ಒಪ್ಲಿಲ್ಲ.”

“ನೀರು ಎಲ್ಲಿ ಕಾಯುತ್ತೆ ತೋರಿಸಿ.”

ಒಳಗೆ ಕರೆದುಕೊಂಡು ಹೋದರು. ಹಬೆ, ಸದ್ದು, ಒದ್ದೆ ನೆಲ. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ಗೂಡು ಬೇಯುವ ದೊಡ್ಡ ಪಾತ್ರೆ. ಸುತ್ತ ಎದೆಮಟ್ಟದ ಇಟ್ಟಿಗೆ ಕಟ್ಟೆ. ಒಬ್ಬ ಗಂಡಸು ಉದ್ದ ಹಿಡಿಯ ಜಾಲರಿ ಸೌಟಿನಲ್ಲಿ ಬೆಂದ ಗೂಡು ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದ.

“ಇದ್ರ ಹತ್ರ ಹೆಂಗಸ್ರು ಬರೋದೇ ಇಲ್ಲ,” ಅಂದರು ಆದಿನಾರಾಯಣಪ್ಪ. “ನೂಲು ತೆಗ್ಯೋರಿಗೆ ಬಕೆಟ್ಟಲ್ಲೇ ಹೋಗ್ತದೆ. ಅಲ್ಲಿ ನೀರು ಉಗುರು ಬೆಚ್ಚಗಿರ್ತದೆ, ಅಷ್ಟೇ.”

ನೂಲು ತೆಗೆಯುವ ಸಾಲು ಶೆಡ್ಡಿನ ಇನ್ನೊಂದು ತುದಿಯಲ್ಲಿತ್ತು. ನಾನು ಮಧ್ಯದಲ್ಲಿ ನಿಂತು ಒಲೆ ನೋಡಿದೆ, ಸಾಲು ನೋಡಿದೆ. ಇಪ್ಪತ್ತು ಹೆಜ್ಜೆಯಾದರೂ ಇತ್ತು. ನೀರು ಇಪ್ಪತ್ತು ಹೆಜ್ಜೆ ಹಾರಿ ಬಂದು ಒಬ್ಬಳ ಎಡಗೈ ಮೇಲೆಯೇ ಚೆಲ್ಲುವುದಿಲ್ಲ.

ಕದಿರಮ್ಮ ಸಾಲಿನ ಕೊನೆಯ ತೊಟ್ಟಿಯ ಮುಂದೆ ನಿಂತಿದ್ದಳು. ನನ್ನ ಕಡೆ ಬೆನ್ನು. ಪಕ್ಕದವಳ ಜೊತೆ ಯಾರದೋ ಸೀಮಂತದ ವಿಷಯ ಮಾತಾಡುತ್ತಿದ್ದಳು, ಮುಖ ಅವಳ ಕಡೆಗೇ ಇತ್ತು. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ತೊಟ್ಟಿಯಲ್ಲಿ ನಲವತ್ತು ಐವತ್ತು ಗೂಡು ತೇಲುತ್ತಿದ್ದವು. ಒಂದೊಂದರಿಂದಲೂ ಒಂದು ಎಳೆ ಎದ್ದು, ಏಳೆಂಟು ಸೇರಿ ಒಂದು ನೂಲಾಗಿ ಮೇಲಿನ ರಾಟೆಗೆ ಸುತ್ತಿಕೊಳ್ಳುತ್ತಿತ್ತು. ಯಾವುದೋ ಗೂಡು ಮುಗಿದು ಎಳೆ ಕಡಿಯಿತು. ಕದಿರಮ್ಮನ ಎಡಗೈ, ಗುಲಾಬಿ ಬಣ್ಣದ ಗಾಯದ ಕೈ, ನೀರಿಗೆ ಇಳಿದು ಹೊಸ ಗೂಡಿನ ತುದಿ ಹಿಡಿದು ಓಡುವ ನೂಲಿಗೆ ಮುಟ್ಟಿಸಿತು. ಎಳೆ ಅಂಟಿಕೊಂಡು ಹೋಯಿತು. ಸೀಮಂತದ ಮಾತು ನಿಲ್ಲಲಿಲ್ಲ.

ನಾನು ಹತ್ತಿರ ಹೋಗಿ ನಿಂತೆ. ಅವಳು ಬೆಚ್ಚಿದಳು, ಆಮೇಲೆ ನಕ್ಕಳು. “ಏನ್ ಸಿಸ್ಟ್ರಮ್ಮ, ಇಷ್ಟು ದೂರ ಬಂದ್ಬಿಟ್ಟೆ?”

“ಆ ಎಳೆ ನನಗೂ ಕೊಡು ಒಂದ್ಸಲ.”

ಕೊಟ್ಟಳು. ಅವಳು ಹೇಳಿದ್ದರಿಂದ ಮಾತ್ರ ಅದು ನನಗೆ ಗೊತ್ತಾಯಿತು. ನನ್ನ ಬೆರಳುಗಳ ಮಧ್ಯೆ ಏನೂ ಇರಲಿಲ್ಲ. ಕೂದಲಿಗಿಂತ ಸಣ್ಣದು, ಒದ್ದೆ, ಕಣ್ಣಿಗೂ ಕಾಣದು. ಸಕ್ಕರೆ ಇಲ್ಲದ, ಏನೂ ಇಲ್ಲದ ನನ್ನ ಬೆರಳಿಗೇ ಸಿಗದ ಎಳೆಯನ್ನು ಅವಳು ಬೇರೆ ಕಡೆ ನೋಡಿಕೊಂಡು ಹಿಡಿಯುತ್ತಿದ್ದಳು. ಎರಡೂ ಕೈ ಸ್ಪರ್ಶಜ್ಞಾನ ಇಲ್ಲ ಎಂದು ನಾನು ಮೂರು ಸಲ ಬರೆದಿದ್ದೆ.

ಆಗ ಅವಳ ಎಡಗೈ ಹಿಡಿದು ತಿರುಗಿಸಿ ನೋಡಿದೆ. ಹಿಂಭಾಗ, ಮಣಿಕಟ್ಟು, ಮುಂಗೈ ಎಲ್ಲ ಬೆಂದು ಗಂಟುಗಂಟಾಗಿತ್ತು. ಐದೂ ಬೆರಳ ತುದಿಗೆ ಒಂದು ಗೀರೂ ಇಲ್ಲ. ಜ್ಞಾನವಿಲ್ಲದ ಕೈ ನೀರಿಗೆ ಹೋದರೆ ಮೊದಲು ಬೇಯುವುದು ಬೆರಳ ತುದಿ. ಇಪ್ಪತ್ತಾರು ವರ್ಷ ನರ್ಸಾಗಿದ್ದವಳಿಗೆ ಇದು ಕಾಣಬೇಕಿತ್ತು. ಅವಳು ಬೆರಳನ್ನು ಉಳಿಸಿಕೊಂಡಿದ್ದಳು. ವಾಸಿಯಾದ ಮೇಲೆ ಮತ್ತೆ ಕೆಲಸಕ್ಕೆ ಬರಬೇಕಲ್ಲ.

ನನಗೆ ಬಂದಿದ್ದು ಮೊದಲು ಸಿಟ್ಟು. ನನ್ನನ್ನು ಮೂರು ಸಲ ಮೂರ್ಖಳನ್ನಾಗಿ ಮಾಡಿದಳಲ್ಲ ಎಂದು. ಆಮೇಲೆ ಗಾಯಗಳನ್ನು ಒಂದೊಂದಾಗಿ ನೋಡಿದೆ. ಮಾರ್ಚಿನದು ಮಣಿಕಟ್ಟಿನ ತನಕ, ಜೂನಿನದು ಅದಕ್ಕೂ ಮೇಲೆ, ಆಗಸ್ಟಿನದು ಎಲ್ಲಕ್ಕಿಂತ ಆಳ. ನಾಲ್ಕನೆಯದು ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದಕ್ಕೆ ಸಂಶೋಧನೆ ಬೇಕಿರಲಿಲ್ಲ.

“ಹೊರಗೆ ಬಾ,” ಅಂದೆ.

ಶೆಡ್ಡಿನ ಹಿಂದೆ ನೂಲು ತೆಗೆದುಳಿದ ಹುಳದ ಸಿಪ್ಪೆ ಒಣಗಿಸುವ ಜಾಗ. ಅಲ್ಲೊಂದು ಕಲ್ಲುಚಪ್ಪಡಿ ಇತ್ತು. ಇಬ್ಬರೂ ಕೂತೆವು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಬೆರಳು ಬೆರಳಿಗೂ. ನಾನು ಇನ್ನೂರ ಹದಿನೆಂಟು ಜನರಲ್ಲಿ ಬಹುಪಾಲು ಎಲ್ಲರಿಗೂ ಕೇಳದೆ ಬಿಟ್ಟಿದ್ದನ್ನು ಕೇಳಬೇಕಿತ್ತು. ಫಾರಂನ ಭಾಷೆ ನಾಲಿಗೆಗೆ ಬರಲಿಲ್ಲ.

“ಕದಿರಮ್ಮ, ನಿಂಗೆ ಬಿಸಿ ಗೊತ್ತಾಗುತ್ತೆ. ನೀನೇ ಹಾಕ್ಕೊಂಡೆ ಅಲ್ವಾ?”

ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬದುಕೋದು ಬೇಡ ಅನ್ಸುತ್ತಾ?”

“ಅದು ಆ ಕಾಗದದಾಗೆ ಐತಲ್ಲ,” ಅಂದಳು.

“ಯಾವ ಕಾಗದ?”

“ನೀನು ಬರ್ಕೊಂತೀಯಲ್ಲ ಅದು. ನಾನು ನಾಲ್ಕನೇ ಕ್ಲಾಸು ಓದಿದೀನಿ ಸಿಸ್ಟ್ರಮ್ಮ. ಮೊದ್ಲು ಬಂದಾಗ ಆ ಸಾಲು ಓದ್ಕೊಂಡೆ. ಈಗ ಕೇಳ್ತಾಳೆ, ಈಗ ಕೇಳ್ತಾಳೆ ಅಂತ ಎದೆ ಹೊಡ್ಕೊಂತಿತ್ತು. ಕೇಳಿದ್ರೆ ಹೇಳ್ಬಿಡಾನ ಅಂತಿದ್ದೆ. ನೀನು ಕೇಳ್ಲಿಲ್ಲ, ಇಲ್ಲ ಅಂತ ಗೀಟು ಹಾಕ್ದೆ.” ದೂರು ಹೇಳುವ ದನಿಯೇ ಇರಲಿಲ್ಲ. “ಓದಿರೋಳು, ನನ್ ನೋಡಿನೇ ಹಾಕಿರ್ತಾಳೆ ಅಂದ್ಕೊಂಡೆ. ನಂಗೆ ಅಂಥದ್ದೇನೂ ಇಲ್ಲ, ಬರೀ ಸೋಮಾರಿತನ ಅಂತ.”

ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಅವಳೇ ನನ್ನ ಮಂಡಿ ಮೇಲೆ ಕೈ ಇಟ್ಟಳು, ಆ ಗಂಟುಗಂಟು ಕೈ.

“ಸಾಯ್ಬೇಕು ಅಂತಲ್ಲ ಕಣಮ್ಮ ಮೊದ್ಲು,” ಅಂದಳು. “ಒಂಬತ್ತು ವರ್ಷಕ್ಕೆ ತೊಟ್ಟಿ ಮುಂದೆ ನಿಂತೋಳು. ನಲವತ್ತ್ನಾಕು ವರ್ಷ ಆಯ್ತು. ಇಲ್ಲಿ ನಿಂತು ಮನೇಗೋದ್ರೆ ಅವ್ರನ್ನ ಎತ್ಬೇಕು, ತೊಳೀಬೇಕು. ಮಲಗಿದ್ರೆ ಕಾಲು ಉರಿ. ಕೆಂಡದ ಮೇಲೆ ಇಟ್ಟಂಗೆ. ಕಾಲುರಿ ಅಂದ್ರೆ ಯಾರ್ ನಂಬ್ತಾರೆ, ನೋಡಾಕೆ ಎಲ್ಲ ನೆಟ್ಟಗೈತೆ. ಒಂದಿನ ಮಲಕ್ಕೊಂತೀನಿ ಅಂದ್ರೆ ಯಾಕೆ ಅಂತಾರೆ. ಕೈ ಸುಟ್ಟೈತೆ ಅಂದ್ರೆ ಯಾರೂ ಯಾಕೆ ಅನ್ನಲ್ಲ.”

“ಮೊದ್ಲು ಅಂದೆ. ಈಗ?”

ಅವಳು ಸಿಪ್ಪೆಯ ರಾಶಿಯ ಕಡೆ ತಿರುಗಿದಳು. ಮೇಲೆ ಹದ್ದು ಸುತ್ತುತ್ತಿದ್ದವು.

“ಈಗ ಅದೂ ಸಾಕಾಗ್ತಿಲ್ಲ. ವಾಪಸ್ ಬರ್ಬೇಕಲ್ಲ ಅಂತ ಅಲ್ಲೇ ಸುರುವಾಗ್ತದೆ. ಹೋದ ಸಲ ಮಲಗಿದ್ದಾಗ ಎದ್ದೇಳ್ದಂಗೆ ನಿದ್ದೆ ಬಂದ್ಬಿಟ್ರೆ ಎಷ್ಟು ಚೆಂದ ಅನ್ನಿಸ್ತು. ದಿನಾ ಅನ್ನಿಸ್ತೈತೆ. ಹೌದು ಅಂತ ಗೀಟು ಹಾಕ್ಕೋ.”

ಫಾರಂ ತಂದಿರಲಿಲ್ಲ. ನಾನು ಎದ್ದು, ಅವಳು ಕಣ್ಣಿಗೆ ಬೀಳುವಷ್ಟು ದೂರದಲ್ಲೇ ನಿಂತು ಶ್ರೀಧರ್‌ಗೆ ಫೋನು ಮಾಡಿದೆ. ಎಲ್ಲಿಂದ ಶುರುಮಾಡುವುದೋ ತಿಳಿಯದೆ ಹಿಂದುಮುಂದಾಗಿ ಹೇಳಿದೆ. ಕದಿರಮ್ಮನ ಕೈಯಲ್ಲಿ ಜ್ಞಾನವಿದೆ, ನಾನು ಪರೀಕ್ಷೆ ಮಾಡಿರಲಿಲ್ಲ, ಅವಳಿಗೆ ಇವತ್ತೇ ಮನೋವೈದ್ಯರು ಬೇಕು, ಹಾಸಿಗೆ ಬೇಕು. ಆಮೇಲೆ ಉಳಿದದ್ದನ್ನೂ ಹೇಳಿದೆ.

“ಇಪ್ಪತ್ತೆರಡನೇ ಪ್ರಶ್ನೆ ನಾನು ಯಾರನ್ನೂ ಕೇಳಿಲ್ಲ ಸಾರ್. ಮೊದಲ ಮೂವತ್ತು ಜನ ಬಿಟ್ಟು. ಇಲ್ಲ ಅಂತ ಎಲ್ಲಾ ನಾನೇ ಹಾಕಿದ್ದು.”

ಎರಡು ವರ್ಷದ ಕೆಲಸ ಅವರದು. ಬೈದರೆ ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು.

“ಹತ್ತಿರ ಹತ್ತಿರ ಇನ್ನೂರು ಜನ ಸಿಸ್ಟರ್,” ಅಂದರು ಕೊನೆಗೆ. ದನಿ ಸಣ್ಣಗಾಗಿತ್ತು. “ಅವರೆಲ್ಲರ ಫೋನ್ ನಂಬರ್ ಇದೆ ಅಲ್ವಾ?”

“ಇದೆ ಸಾರ್.”

“ನಾಳೆ ಬೆಳಗ್ಗೆಯಿಂದ ಇಬ್ಬರೂ ಕೂತು ಮಾಡೋಣ. ಒಬ್ಬೊಬ್ಬರಿಗೂ. ಈಗ ಕದಿರಮ್ಮನ್ನ ಒಂಟಿಯಾಗಿ ಬಿಡಬೇಡಿ, ದಯವಿಟ್ಟು. ಕರ್ಕೊಂಡೇ ಬನ್ನಿ. ನಾನು ಬಾಗಿಲಲ್ಲೇ ಇರ್ತೀನಿ.”

ನೆಲಮಂಗಲದವಳ ನಂಬರೂ ಅದರಲ್ಲಿರುತ್ತದೆ ಎಂದು ಆಗ ಹೊಳೆಯಿತು. ಅದನ್ನು ಮೊದಲು ಮಾಡಬೇಕು ಎಂದುಕೊಂಡೆ. ಅವಳೇ ಎತ್ತಲಿ ಎಂದು ಯಾವ ದೇವರಿಗೋ ಕೈಮುಗಿದೆ.

ಆದಿನಾರಾಯಣಪ್ಪನವರಿಗೆ ಕದಿರಮ್ಮನಿಗೆ ಮೈ ಸರಿಯಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ಅವಳನ್ನು ಕೆಳಗಿನಿಂದ ಮೇಲೆ ನೋಡಿದರು. “ನೆಟ್ಟಗೇ ಇದಾಳಲ್ಲ ತಾಯಿ?” ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಅವರಿಗೆ ಕಂಡಿದ್ದು ಅಷ್ಟೇ. ಮಗನಿಗೆ ಫೋನು ಮಾಡಿದೆ, ಅವನು ಅತ್ತೆಗೆ ಹೇಳಿ ಅಪ್ಪನ ಹತ್ತಿರ ಇರಿಸುತ್ತೇನೆ, ಆಸ್ಪತ್ರೆಗೆ ಸಂಜೆ ಬರುತ್ತೇನೆ ಅಂದ. “ಮತ್ತೆ ಸುಟ್ಕೊಂಡ್ಳಾ?” ಎಂದು ಮೊದಲು ಕೇಳಿದ. ಇಲ್ಲ ಅಂದೆ. “ಮತ್ಯಾಕೆ?” ಅಂದ. ಬಾ, ಹೇಳ್ತೀನಿ ಅಂದೆ.

ಕದಿರಮ್ಮ ತನ್ನ ತೊಟ್ಟಿಯ ಕೆಲಸವನ್ನು ಪಕ್ಕದವಳಿಗೆ ವಹಿಸಿ, ಊಟದ ಡಬ್ಬಿಯ ಚೀಲ ತೆಗೆದುಕೊಂಡು ಬಂದಳು. ಬೀದಿಗೆ ಇಳಿದೆವು. ಅವಳ ನಡಿಗೆ ನಿಧಾನ, ಪಾದ ನೆಲ ಮುಟ್ಟಿತೋ ಇಲ್ಲವೋ ಎಂದು ಪ್ರತಿ ಹೆಜ್ಜೆಗೂ ಕಣ್ಣಿನಿಂದ ನೋಡಿಕೊಂಡೇ ಇಡಬೇಕು. ನನ್ನ ಮಂಡಿಗೂ ಅದೇ ವೇಗ ಸರಿಹೋಯಿತು. ಬಸ್‌ಸ್ಟ್ಯಾಂಡು ಕಾಣುವ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಚೀಲವನ್ನು ಬಲಗೈಗೆ ಬದಲಿಸಿ, ಎಡಗೈಯನ್ನು ಮುಂದೆ ಚಾಚಿ ನೋಡಿಕೊಂಡಳು. ಗಾಯ ಪೂರ್ತಿ ಮಾಗಿತ್ತು, ಎಲ್ಲೂ ಹಸಿಯಿರಲಿಲ್ಲ.

“ಸಿಸ್ಟ್ರಮ್ಮ,” ಅಂದಳು, ಹಿಂದಕ್ಕೆ ಶೆಡ್ಡಿನ ಕಡೆ ಒಂದು ಸಲ ತಿರುಗಿ. “ಕೈ ನೆಟ್ಟಗೈತಲ್ಲ. ಹಿಂಗೇ ಬಂದ್ರೂ ಸೇರಿಸ್ಕೊಂತಾರಾ?”

“ಸೇರಿಸ್ಕೊಳ್ತಾರೆ,” ಅಂದೆ.

ಅವಳಿಗೆ ನಂಬಿಕೆ ಬರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ನನ್ನ ಮಾತಿಗೆ ಅವಳು ಯಾಕೆ ಬೆಲೆ ಕೊಡಬೇಕು? ದೇವನಹಳ್ಳಿ ಬಸ್ಸು ಬಂತು. ಅವಳನ್ನು ಮುಂದೆ ಹತ್ತಿಸಿ, ನಾನು ಹಿಂದೆ ಹತ್ತಿದೆ.